ನೀರು ಇಳಿದಾಗ ತೆರೆಯುವ ನೆಲ ಯಾರದು?

ಮಾಘ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಮಲೆನಾಡಿನ ಜಲಾಶಯಗಳಲ್ಲಿ ಹೊಸ ನೆಲವೊಂದು ತೆರೆದುಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಕಾಡಿನ ಬುಡದವರೆಗೂ ತುಂಬಿ ನಿಂತಿದ್ದ ನೀರು ದಿನದಿನಕ್ಕೆ ಕೆಳಗೆ ಸರಿಯುತ್ತದೆ. ಮೊದಲು ಕೆಮ್ಮಣ್ಣಿನ ಪಟ್ಟಿ, ಆಮೇಲೆ ಬಂಡೆಗಳು, ಅವುಗಳ ಹಿಂದೆ ಮುಳುಗಡೆಯ ಕಾಲದ ಮರದ ಬೊಡ್ಡೆಗಳು, ಕೊನೆಗೆ ನೀರಿನ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳು ಕಾಣಿಸಿಕೊಳ್ಳುತ್ತವೆ. ಶರಾವತಿ, ಭದ್ರಾ, ವಾರಾಹಿಗಳ ಹಿನ್ನೀರಿನ ಅಂಚಿನಲ್ಲಿ ಬದುಕುವವರಿಗೆ ಇದು ವರ್ಷವರ್ಷದ ನೋಟ.

ಇದೇ ಹೊತ್ತಿಗೆ ಶಾಲಾ ಕಾಲೇಜುಗಳ ಪರೀಕ್ಷೆ ಮುಗಿದು ರಜೆ ಬರುತ್ತದೆ. ತಂಪನ್ನು ಅರಸಿ ಹೊರಟ ವಾಹನಗಳು ಘಟ್ಟದ ಕಡೆಗೆ ತಿರುಗುತ್ತವೆ. ನೀರು ಇಳಿದ ಬಯಲು ದೂರದಿಂದ ಬಂದವರ ಕಣ್ಣಿಗೆ ಯಾರಿಗೂ ಸೇರದ ಮೈದಾನದಂತೆ ಕಾಣುತ್ತದೆ. ಕಾರು ನೀರಿನ ಅಂಚಿನವರೆಗೆ ಇಳಿಯುತ್ತದೆ, ಧ್ವನಿವರ್ಧಕ ಹೊರಬರುತ್ತದೆ, ಮೂರು ಕಲ್ಲಿನ ಒಲೆ ಹೊತ್ತುತ್ತದೆ, ನಡುಗಡ್ಡೆಗೆ ಹೋಗಿಬರಲು ದೋಣಿ ಸಿಗುತ್ತದೆಯೇ ಎಂಬ ವಿಚಾರಣೆ ನಡೆಯುತ್ತದೆ. ಸಂಜೆಗೆ ಎಲ್ಲರೂ ಮರಳಿದ ಮೇಲೆ ಬಾಟಲಿ, ಬೂದಿ, ಪ್ಲಾಸ್ಟಿಕ್ ತಟ್ಟೆಗಳು ಅಲ್ಲಿಯೇ ಉಳಿದು, ಮುಂದಿನ ಮಳೆಗಾಲದಲ್ಲಿ ಜಲಾಶಯದ ಹೊಟ್ಟೆ ಸೇರುತ್ತವೆ.

ಕೆರೆ, ಜಲಾಶಯಗಳ ದಡದಲ್ಲಿ ನಡೆಯುವುದು, ಹಕ್ಕಿ ಪ್ರಾಣಿಗಳನ್ನು ಕಾದು ನೋಡುವುದು ಒಳ್ಳೆಯ ಹವ್ಯಾಸ. ಅದನ್ನು ನಿಲ್ಲಿಸಬೇಕೆಂದು ಯಾವ ಪರಿಸರಾಸಕ್ತನೂ ಹೇಳಲಾರ. ಆದರೆ ಇಳಿದ ನೀರಿನ ನೆಲ ಖಾಲಿ ನೆಲವೆಂಬ ಭ್ರಮೆಯನ್ನು ಬಿಡಬೇಕಾಗಿದೆ. ಬೇಸಿಗೆಯ ಆ ನಾಲ್ಕೈದು ತಿಂಗಳು ಅದಕ್ಕೆ ಬೇರೆ ಒಡೆಯರಿರುತ್ತಾರೆ. ಆಗ ಅಲ್ಲಿ ಹೇಗೆ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ದಡದ ಹಳ್ಳಿಗಳೇ ಗೊತ್ತುಪಡಿಸಬೇಕು.

ಭದ್ರೆಯ ನಡುಗಡ್ಡೆಗಳು

ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ ಉದಾಹರಣೆಯನ್ನೇ ನೋಡಬಹುದು. 186 ಅಡಿ ಗರಿಷ್ಠ ಮಟ್ಟದ ಈ ಜಲಾಶಯದಿಂದ ಬೇಸಿಗೆ ಬೆಳೆಗೆಂದು ಎಡದಂಡೆ, ಬಲದಂಡೆ ನಾಲೆಗಳಿಗೆ ನೀರು ಹರಿಯುತ್ತದೆ. ಶಿವಮೊಗ್ಗ, ದಾವಣಗೆರೆಗಳ ಗದ್ದೆಗಳಲ್ಲಿ ಭತ್ತ ಹಸಿರಾಗುತ್ತಿದ್ದಂತೆ ಇತ್ತ ಹಿನ್ನೀರಿನಲ್ಲಿ ನಡುಗಡ್ಡೆಗಳು ತಲೆ ಎತ್ತುತ್ತವೆ. ಅವುಗಳ ಮೇಲೆ ನೆರಳಿಗೊಂದು ಗಿಡವೂ ಇಲ್ಲ. ಕಲ್ಲು, ಜಲ್ಲಿ, ಒಣಗಿದ ಮಣ್ಣು ಅಷ್ಟೆ. ಆ ಬೋಳು ನೆಲವನ್ನೇ ಆರಿಸಿಕೊಂಡು ಸಾವಿರಾರು ನದಿ ರೀವ ಹಕ್ಕಿಗಳು ಬಂದು ಸೇರುತ್ತವೆ. ಬೂದುಬಣ್ಣದ ಮೈ, ಕರಿಯ ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲದ ಈ ಹಕ್ಕಿ ನೀರಿನ ಮೇಲೆ ತೇಲಿದಂತೆ ಹಾರುತ್ತಾ ಒಮ್ಮೆಲೇ ಧುಮುಕಿ ಮೀನು ಹಿಡಿಯುವುದನ್ನು ನೋಡಿದವರು ಮರೆಯಲಾರರು.

ನದಿ ರೀವ ಗೂಡು ಕಟ್ಟುವುದಿಲ್ಲ. ನೆಲವನ್ನು ಸ್ವಲ್ಪ ಕೆದರಿ ತಗ್ಗು ಮಾಡಿ ಎರಡು ಮೂರು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಯ ಬಣ್ಣ ಸುತ್ತಲ ಜಲ್ಲಿಯ ಬಣ್ಣದಂತೆಯೇ ಇರುವುದರಿಂದ ಎರಡಡಿ ದೂರದಲ್ಲಿ ನಿಂತವನಿಗೂ ಕಾಣುವುದಿಲ್ಲ. ಕಾಗೆ, ಹದ್ದುಗಳ ಕಣ್ಣು ತಪ್ಪಿಸಲು ಇದು ಒಳ್ಳೆಯ ಉಪಾಯ. ಮನುಷ್ಯನ ಕಾಲಿನ ಮುಂದೆ ಮಾತ್ರ ಇದೇ ಉಪಾಯ ಮುಳುವಾಗುತ್ತದೆ. ನಡುಗಡ್ಡೆಯಲ್ಲಿ ಹತ್ತು ಹೆಜ್ಜೆ ಹಾಕಿದವನು ಯಾವ ದುರುದ್ದೇಶವೂ ಇಲ್ಲದೆ ಎಷ್ಟು ಮೊಟ್ಟೆ ತುಳಿದನೆಂಬುದು ಅವನಿಗೇ ತಿಳಿಯದು.

ತುಳಿಯದೆ ಇದ್ದರೂ ಅಪಾಯ ತಪ್ಪುವುದಿಲ್ಲ. ದೋಣಿ ಹತ್ತಿರ ಬಂದರೆ ಹಕ್ಕಿಗಳು ಒಟ್ಟಾಗಿ ಎದ್ದು ಕಿರುಚುತ್ತಾ ಸುತ್ತುತ್ತವೆ. ಛಾಯಾಚಿತ್ರಕ್ಕೆ ಅದು ಸೊಗಸಾದ ದೃಶ್ಯ. ಆದರೆ ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲಿ ಆ ಬಂಡೆಯ ಮೇಲೆ ತಾಯಿಯ ಮರೆಯಿಲ್ಲದೆ ಉಳಿದ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಬೇರೆ ಹಕ್ಕಿಗಳು ಮೊಟ್ಟೆಗೆ ಕಾವು ಕೊಡಲು ಕೂರುತ್ತವೆ. ಬೇಸಿಗೆಯ ನಡುಹಗಲಿನಲ್ಲಿ ರೀವ ಕೂರುವುದು ಮೊಟ್ಟೆಯನ್ನು ತಂಪಾಗಿಡುವುದಕ್ಕೆ. ಎದೆಯ ಗರಿಗಳನ್ನು ನೀರಿನಲ್ಲಿ ಅದ್ದಿ ತಂದು ಮೊಟ್ಟೆಗಳನ್ನು ನೆನೆಸುವ ಅಭ್ಯಾಸ ಈ ಕುಲದ ಹಕ್ಕಿಗಳಲ್ಲಿದೆ. ಅಂಥ ಹೊತ್ತಿನಲ್ಲಿ ತಾಯಿಯನ್ನು ಅರ್ಧ ಗಂಟೆ ಎಬ್ಬಿಸಿ ನಿಲ್ಲಿಸಿದರೆ ಆ ವರ್ಷದ ಸಂತಾನ ಮುಗಿದಂತೆಯೇ.

ಈ ಹಕ್ಕಿ ಹಿಂದೆ ಹೊಳೆಗಳ ನಡುವಿನ ಮರಳುದಿಬ್ಬಗಳಲ್ಲಿ ಮೊಟ್ಟೆಯಿಡುತ್ತಿತ್ತು. ಮರಳು ಲಾರಿ ಹತ್ತಿ ಹೋಯಿತು; ಉಳಿದ ದಿಬ್ಬಗಳನ್ನು ಅಣೆಕಟ್ಟುಗಳು ಮುಳುಗಿಸಿದವು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇಂದು ಇದನ್ನು ಅಳಿವಿನ ಭೀತಿಯಿರುವ ಪ್ರಭೇದಗಳ ಸಾಲಿಗೆ ಸೇರಿಸಿದೆ. ಹೊಳೆಯನ್ನು ಕಳೆದುಕೊಂಡ ಹಕ್ಕಿ, ಹೊಳೆಯನ್ನು ನುಂಗಿದ ಜಲಾಶಯದ ನಡುವೆಯೇ ಒಂದಿಷ್ಟು ಬೋಳುನೆಲ ಹುಡುಕಿಕೊಂಡಿದೆ. ನೀರು ಬಹಳ ಬೇಗ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಮುಂಗಾರು ಬೇಗ ಅಬ್ಬರಿಸಿದರೆ ತಡವಾಗಿ ಹುಟ್ಟಿದ ಮರಿಗಳು ಮುಳುಗುತ್ತವೆ. ಇವೆರಡರ ನಡುವೆ ಸಿಗುವ ಕಿರಿದಾದ ಅವಧಿಯಲ್ಲಿಯೇ ಪ್ರವಾಸದ ಹಂಗಾಮೂ ಬಂದು ಕೂತಿದೆ.

ಹುಲ್ಲು, ಹಕ್ಕಿ, ಮುಳುಗಿದ ಊರು

ಇಳಿದ ನೀರಿನ ನೆಲವನ್ನು ನಂಬಿರುವುದು ರೀವ ಒಂದೇ ಅಲ್ಲ. ಹಸಿಯಾರದ ಆ ಮಣ್ಣಿನಲ್ಲಿ ಬೇಸಿಗೆಯಲ್ಲೂ ಎಳೆಹುಲ್ಲು ಚಿಗುರುತ್ತದೆ. ಕಬಿನಿಯ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಆನೆಗಳು ಹಿಂಡುಗಟ್ಟುವುದು ಈ ಹುಲ್ಲು, ನೀರುಗಳಿಗಾಗಿಯೇ. ಶರಾವತಿಯ ಬದಿಯಲ್ಲಿ ಊರಿನ ದನಗಳೂ ಕಾಡಿನ ಕಡವೆಗಳೂ ಸರದಿಯ ಮೇಲೆ ಅದೇ ಹುಲ್ಲನ್ನು ಮೇಯುತ್ತವೆ. ಟಿಟ್ಟಿಭ ಬಯಲಿನ ಕಲ್ಲುಗಳ ನಡುವೆ ಮೊಟ್ಟೆಯಿಟ್ಟು, ಹತ್ತಿರ ಬಂದವರ ತಲೆಯ ಮೇಲೆ ಕೂಗುತ್ತಾ ಎರಗುತ್ತದೆ. ಆ ಕೂಗು ಸ್ವಾಗತವಲ್ಲ, ಹಿಂದಕ್ಕೆ ಹೋಗಿರೆಂಬ ಸೂಚನೆ ಎಂಬುದು ದನಕಾಯುವ ಹುಡುಗನಿಗೆ ಗೊತ್ತು. ಬೊಡ್ಡೆಗಳ ಮೇಲೆ ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಹರಡಿ ಒಣಗಿಸುತ್ತವೆ. ನೀರುನಾಯಿಗಳು ದಡದ ಬಂಡೆಗಳ ಸಂದಿಯಲ್ಲಿ ಮರಿ ಸಾಕುತ್ತವೆ.

ಲಿಂಗನಮಕ್ಕಿಯ ಹಿನ್ನೀರಿನಡಿಯಲ್ಲಿ ಇನ್ನೊಂದು ಸಂಗತಿಯೂ ಇದೆ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು ಊರುಗಳನ್ನು, ತೋಟಗಳನ್ನು, ದೇವಸ್ಥಾನಗಳನ್ನು ಮುಳುಗಿಸಿತು. ಅದಕ್ಕೂ ಮುಂಚೆ, 1940ರ ದಶಕದಲ್ಲಿ, ಜೋಗದ ವಿದ್ಯುತ್ತಿಗಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಹಳೆಯ ಅಣೆಕಟ್ಟೆ ಮೇಲೆದ್ದು ನಿಂತಾಗ ನೋಡಲು ಜನ ಮುಗಿಬೀಳುತ್ತಾರೆ. ಅವರಿಗೆ ಅದು ವಿಸ್ಮಯ. ಮುಳುಗಡೆಯ ಕುಟುಂಬಗಳ ಹಿರಿಯರಿಗೆ ಅದೇ ಬಯಲಿನಲ್ಲಿ ತಮ್ಮ ಮನೆಯ ಪಂಚಾಂಗ, ಬಾವಿಯ ಕಟ್ಟೆ, ಅಡಕೆ ತೋಟದ ಕಾಲುವೆಯ ಗುರುತು ಕಾಣಿಸುತ್ತದೆ. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಬಗೆಹರಿದಿಲ್ಲ. ಇಂಥ ನೆಲದ ಮೇಲೆ ಜೀಪು ಓಡಿಸಿ ಧೂಳೆಬ್ಬಿಸುವುದು ಹಕ್ಕಿಗಳಿಗಷ್ಟೇ ಮಾಡುವ ಅಗೌರವವಲ್ಲ.

2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ದಶಕಗಳ ಕಾಲ ಲಾಂಚಿಗಾಗಿ ಕಾದು ಕುಳಿತ, ರಾತ್ರಿ ಹೊತ್ತು ಬಾಣಂತಿಯನ್ನೂ ರೋಗಿಯನ್ನೂ ದಾಟಿಸಲಾಗದೆ ಪರದಾಡಿದ ತುಮರಿ ಭಾಗದ ಜನರಿಗೆ ಇದು ತಡವಾಗಿ ಸಿಕ್ಕಿದ ನ್ಯಾಯ. ಅದನ್ನು ಪರಿಸರದ ಹೆಸರಿನಲ್ಲಿ ಆಕ್ಷೇಪಿಸುವುದು ತರವಲ್ಲ. ಆದರೆ ಲಾಂಚು ಒಂದು ಸಲಕ್ಕೆ ಕೆಲವೇ ವಾಹನಗಳನ್ನು ದಾಟಿಸುತ್ತಿತ್ತು. ಸೇತುವೆಗೆ ಆ ಮಿತಿಯಿಲ್ಲ. ಇನ್ನು ಮುಂದೆ ಹಿನ್ನೀರಿನ ದಡಗಳಿಗೆ ಬರುವ ಚಕ್ರಗಳ ಸಂಖ್ಯೆ ಹೆಚ್ಚುವುದು ಖಚಿತ. ಮಿತಿಯನ್ನು ಇಷ್ಟು ದಿನ ನೀರು ಹಾಕಿತ್ತು. ಈಗ ಜನರೇ ಹಾಕಬೇಕಾಗಿದೆ.

ಕಾನೂನಿನ ಕಂಡಿ

ಇದಕ್ಕೆಲ್ಲ ಕಾನೂನಿಲ್ಲವೇ ಎಂಬ ಪ್ರಶ್ನೆ ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ವಿಸ್ತಾರವಾದ ಅರ್ಥವಿದೆ. ಕೋವಿಯಿಂದ ಹೊಡೆಯುವುದು ಮಾತ್ರ ಬೇಟೆಯಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಸಹ ಆ ವ್ಯಾಖ್ಯೆಯೊಳಗೆ ಬರುತ್ತದೆ. ಅಭಯಾರಣ್ಯದ ಒಳಗೆ ಇದನ್ನು ಜಾರಿಗೆ ತರಲು ಇಲಾಖೆಯ ಸಿಬ್ಬಂದಿಯಾದರೂ ಇದ್ದಾರೆ. ಹೊರಗಿನ ಕೆರೆ, ಜಲಾಶಯಗಳ ದಡದಲ್ಲಿ ಕೇಳುವವರಿಲ್ಲ.

ಜೌಗುಭೂಮಿಗಳ ರಕ್ಷಣೆಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ಹೊಸ ನಿಯಮಗಳನ್ನು ತಂದಿತು. ಆದರೆ ಕುಡಿಯುವ ನೀರಿಗಾಗಿ ಕಟ್ಟಿದ ಜಲಮೂಲಗಳನ್ನೂ ನೀರಾವರಿಗೆಂದು ನಿರ್ಮಿಸಿದ ರಚನೆಗಳನ್ನೂ ಅವು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಕರ್ನಾಟಕದಲ್ಲಿ ಕೆರೆಯೆಂದರೆ ಬಹುಪಾಲು ಮನುಷ್ಯರು ಕಟ್ಟಿದ ಕೆರೆಯೇ. ಇತ್ತ 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರಗಳು ಅಘನಾಶಿನಿ ಅಳಿವೆಯೊಂದಿಗೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ಪಟ್ಟಿಗೆ ಸೇರಿದವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾಗಡಿ ಕೆರೆಯನ್ನು ಆರಿಸಿಕೊಳ್ಳುವಾಗ ಅದನ್ನು ಯಾರು ಕಟ್ಟಿದರೆಂದು ವಿಚಾರಿಸುವುದಿಲ್ಲ. ಜೀವಿಗಳು ಮಾಡದ ಭೇದವನ್ನು ನಿಯಮ ಮಾಡುತ್ತಿದೆ.

ಬೆಟ್ಟಗಳ ವಿಷಯದಲ್ಲಿ ಸರ್ಕಾರಕ್ಕೆ ಸ್ವಲ್ಪ ತಿಳಿವು ಬಂದಂತಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನಸಂದಣಿ ಮಿತಿಮೀರಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ತಡೆದು, ಮುಂಗಡ ನೋಂದಣಿಯ ವ್ಯವಸ್ಥೆಗೆ ಒಳಪಡಿಸಿತು. 2025ರಲ್ಲಿ ಮುಳ್ಳಯ್ಯನಗಿರಿಗೂ ಮುಂಗಡ ನೋಂದಣಿ ಬಂದಿತು. ಬೆಟ್ಟದ ನೆತ್ತಿಗೆ ಧಾರಣಶಕ್ತಿಯಿದೆ ಎಂದು ಒಪ್ಪಿದವರು ನೀರಿನ ಅಂಚಿಗೂ ಅದು ಇದೆಯೆಂದು ಒಪ್ಪದಿರಲು ಕಾರಣವಿಲ್ಲ.

ನಡೆಯುವವರು ಬೇಕು

ಹಾಗಾದರೆ ದಡಗಳಿಗೆ ಬೇಲಿ ಹಾಕಿಬಿಡಬೇಕೇ? ಅದು ಸುಲಭದ ಪರಿಹಾರವಾಗಿ ಕಂಡರೂ ತಪ್ಪು ಪರಿಹಾರ. ಬೇಲಿ ಮೊದಲು ತಡೆಯುವುದು ಬಲೆ ಬೀಸುವ ಮೀನುಗಾರನನ್ನು, ದನ ಮೇಯಿಸುವವನನ್ನು. ದೊಡ್ಡ ವಾಹನದಲ್ಲಿ ಬಂದವರಿಗೆ ಎಲ್ಲಿಯಾದರೂ ಒಂದು ದಾರಿ ಸಿಗುತ್ತದೆ. ಜೊತೆಗೆ, ಜನ ನಡೆಯದ ಕೆರೆ ಬೇಗ ಒತ್ತುವರಿಯಾಗುತ್ತದೆ ಎಂಬುದು ಹಳ್ಳಿಗಳ ಅನುಭವ. ಕೋಡಿಯ ಕಡೆಗೆ ವಾರಕ್ಕೊಮ್ಮೆ ಹೋಗಿಬರುವವರಿದ್ದರೆ ಏರಿಯ ಬಿರುಕು, ಒಳಗೆ ಸುರಿದ ಮಣ್ಣು, ತೇಲಿದ ಸತ್ತ ಮೀನು ಕಣ್ಣಿಗೆ ಬೀಳುತ್ತವೆ. ನಡಿಗೆ ಎಂಬುದು ಕಾವಲಿನ ಅತ್ಯಂತ ಅಗ್ಗದ, ಅತ್ಯಂತ ಸಭ್ಯವಾದ ರೂಪ.

ದೂರದಿಂದಲೇ ಚೆನ್ನಾಗಿ ನೋಡಬಹುದೆಂಬುದಕ್ಕೆ ಮಲೆನಾಡಿನಲ್ಲಿಯೇ ಮಾದರಿಯಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಸಿಗುವ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯೊಂದು ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡುಗಳಿಂದ ತುಂಬುತ್ತದೆ. ಸುತ್ತಲೂ ಹರಿಯುವ ಕೆಂಪು ನೀರೇ ಅವುಗಳ ಕೋಟೆ. ನೋಡುವವರು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಾರೆ. ಮರಿಗೆ ತಾಯಿ ಮೀನು ಉಣಿಸುವುದೂ ಅಲ್ಲಿಂದಲೇ ಕಾಣುತ್ತದೆ. ಹಕ್ಕಿಗಳಿಗೂ ತೊಂದರೆಯಿಲ್ಲ, ನೋಡುವವರಿಗೂ ಕೊರತೆಯಿಲ್ಲ.

ಇನ್ನು ಹಳ್ಳಿಯೇ ಹಕ್ಕಿಗಳ ಹೊಣೆ ಹೊತ್ತ ಉದಾಹರಣೆಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಸಾಕು. ಮನೆಯಂಗಳದ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ತಲೆತಲಾಂತರದಿಂದ ಗೂಡು ಕಟ್ಟುತ್ತಿವೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಆ ಊರಿಗೆ ಸಮುದಾಯ ಮೀಸಲು ಪ್ರದೇಶವೆಂಬ ಮಾನ್ಯತೆ ದೊರೆಯಿತು. ಮಾನ್ಯತೆ ಬರುವ ಎಷ್ಟೋ ಕಾಲ ಮೊದಲೇ ಊರಿನ ಕಟ್ಟುಪಾಡು ಇತ್ತೆಂಬುದು ಇಲ್ಲಿ ಮುಖ್ಯ.

ಹೋಂಸ್ಟೇ ನಡೆಸುವವರ ಆತಂಕವನ್ನೂ ಅಲ್ಲಗಳೆಯಲಾಗದು. ಅಡಕೆಗೆ ರೋಗ, ಕಾಳುಮೆಣಸಿಗೆ ಬೆಲೆಯ ಏರಿಳಿತ ಇರುವಾಗ ಅತಿಥಿಗಳಿಂದ ಬರುವ ಹಣ ಹಲವು ಮನೆಗಳಿಗೆ ಆಸರೆ. ಆದರೆ ಮಧ್ಯಾಹ್ನ ಬಂದು ಸಂಜೆ ಹೊರಡುವ ಗದ್ದಲದ ಗುಂಪು ಊರಿಗೆ ಉಳಿಸುವುದು ಕಸವನ್ನು. ಮುಂಜಾನೆ ಹಕ್ಕಿ ನೋಡಲು ಬಯಸುವವನು ಹಿಂದಿನ ರಾತ್ರಿಯೇ ಬಂದು ತಂಗಬೇಕು, ಊರಿನವರ ಅಡುಗೆ ಉಣ್ಣಬೇಕು, ದಾರಿ ಬಲ್ಲ ಊರಿನ ಹುಡುಗನನ್ನು ಜೊತೆಗೆ ಕರೆದೊಯ್ಯಬೇಕು. ನಿಧಾನವಾದ ಅತಿಥಿಯೇ ಊರಿಗೆ ಲಾಭದ ಅತಿಥಿ. ನಡುಗಡ್ಡೆ ಬರಿದಾದ ವರ್ಷ ಅವನೂ ಬರಲಾರ.

ಹಳ್ಳಿಗಳು ಹಾಕಬಹುದಾದ ಗೆರೆ

ಪ್ರತಿ ಜಲಾಶಯದ ಸುತ್ತಲೂ ಒಂದು ಗೆರೆ ಸ್ವಾಭಾವಿಕವಾಗಿಯೇ ಇರುತ್ತದೆ. ನೀರು ತುಂಬಿದಾಗ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಹಸಿರು ಮುಗಿದು ಬೋಳು ಮಣ್ಣು ಆರಂಭವಾಗುತ್ತದೆ. ಅಳತೆಯ ಕಲ್ಲುಗಳಿಲ್ಲದೆ ಮಕ್ಕಳಿಗೂ ಕಾಣುವ ಈ ತುಂಬುಗೆರೆಯನ್ನೇ ಕಟ್ಟುಪಾಡಿಗೆ ಆಧಾರವಾಗಿ ಇಟ್ಟುಕೊಳ್ಳಬಹುದು.

ಫೆಬ್ರವರಿಯಿಂದ ಜೂನ್ ಕೊನೆಯವರೆಗೆ ಅತಿಥಿಗಳ ನಡಿಗೆ ತುಂಬುಗೆರೆಯ ಮೇಲೆ, ಮರದ ನೆರಳಿನಲ್ಲಿಯೇ ಸಾಗಲಿ. ಕೆಳಗಿನ ಬಯಲಿಗೆ ಇಳಿಯುವುದು ಬೇಡ. ಯಾವ ಕಾಲದಲ್ಲಿಯೂ ವಾಹನ ಆ ಗೆರೆಯನ್ನು ದಾಟಬಾರದು. ಹಕ್ಕಿಗಳು ಮೊಟ್ಟೆಯಿಡುವ ನಡುಗಡ್ಡೆಗಳ ಮೇಲೆ ಯಾರೂ ಕಾಲಿಡಬಾರದು. ದೋಣಿಗಳು ಹಕ್ಕಿಗಳು ಎದ್ದು ಹಾರದಷ್ಟು ದೂರದಲ್ಲಿಯೇ ತಿರುಗಬೇಕು. ಹಕ್ಕಿ ಎದ್ದಿತೆಂದರೆ ದೋಣಿ ಅತಿ ಹತ್ತಿರ ಹೋಯಿತೆಂದೇ ಅರ್ಥ. ಡ್ರೋನ್, ಧ್ವನಿವರ್ಧಕ, ಬೆಂಕಿಗಳಿಗೆ ಅವಕಾಶವಿರಬಾರದು. ತಂದ ವಸ್ತುವೆಲ್ಲ ತಂದವರ ಜೊತೆಯಲ್ಲಿಯೇ ಹಿಂದಿರುಗಬೇಕು. ಹಿನ್ನೀರಿನ ಕೆಸರೂ ಹಠಾತ್ತನೆ ಇಳಿಯುವ ಆಳವೂ ಹೊರಗಿನವರಿಗೆ ಗೊತ್ತಿರುವುದಿಲ್ಲವಾದ್ದರಿಂದ, ಗೆರೆಯ ಮೇಲೆಯೇ ನಿಲ್ಲಿಸುವುದು ಅವರ ಪ್ರಾಣಕ್ಕೂ ಕ್ಷೇಮ.

ಮೀನು ಹಿಡಿದು ಬದುಕುವವರಿಗೆ, ದನಕರು ಮೇಯಿಸುವವರಿಗೆ ಈ ಗೆರೆ ಅನ್ವಯಿಸಬಾರದು. ಅವರ ಕೆಲಸ ಅಲ್ಲಿಯೇ ಇದೆ. ನಡುಗಡ್ಡೆಗಳ ವಿಷಯದಲ್ಲಿ ಮಾತ್ರ ಅವರೂ ಸಂಯಮ ತೋರಬೇಕಾಗುತ್ತದೆ. ಅದನ್ನು ಆಜ್ಞೆಯಾಗಿ ಹೇರದೆ ಅವರೊಡನೆ ಕೂತು ಮಾತನಾಡಿ ಒಪ್ಪಿಸಬೇಕು. ಊರು ಮುಳುಗಿದಾಗ ಕೇಳದ ಸರ್ಕಾರ ಈಗ ಹಕ್ಕಿಯ ಮೊಟ್ಟೆಗೆ ಮರುಗುತ್ತದೆಯೇ ಎಂದು ಮುಳುಗಡೆಯ ಸಂತ್ರಸ್ತನೊಬ್ಬ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅವನ ಹಕ್ಕಿನ ಹೋರಾಟವನ್ನು ಬದಿಗೆ ಸರಿಸಿ ಹಕ್ಕಿಯ ಮಾತನಾಡುವ ಚಳವಳಿಗೆ ಮಲೆನಾಡಿನಲ್ಲಿ ಬೇರು ಹಿಡಿಯದು.

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವವೈವಿಧ್ಯದ ದಾಖಲಾತಿಯನ್ನು ಸಿದ್ಧಪಡಿಸಬೇಕು. ಎಷ್ಟೋ ಕಡೆ ಸಮಿತಿ ಕಾಗದದ ಮೇಲಷ್ಟೇ ಉಳಿದಿದೆ. ಆದರೆ ಸಾಗರ ತಾಲ್ಲೂಕಿನ ಜನ ಗಣಿಗಾರಿಕೆಯ ವಿರುದ್ಧ ಹೋರಾಡಿ ಉಳಿಸಿಕೊಂಡ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯ ಬಲದಿಂದ. ಗುಡ್ಡಕ್ಕೆ ಒದಗಿದ ಕಾಯ್ದೆಯನ್ನು ದಡಕ್ಕೂ ಒದಗಿಸಿಕೊಳ್ಳಲು ಗ್ರಾಮಸಭೆಯ ಒಂದು ನಿರ್ಣಯದಿಂದ ಆರಂಭಿಸಬಹುದು.

ವಿದ್ಯಾರ್ಥಿಗಳ ಪಾಲಿನ ಕೆಲಸವೂ ಇದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಊರಿನ ಕೆರೆಯೂ ಅದರಲ್ಲಿ ಸೇರಬಹುದು. ಅದಕ್ಕಿಂತ ಸರಳವಾದದ್ದು ಒಂದು ನೋಟುಪುಸ್ತಕ. ಯಾವ ದಿನ ಮೊದಲ ನಡುಗಡ್ಡೆ ಕಂಡಿತು, ಯಾವ ದಿನ ಮೊದಲ ರೀವ ಬಂದಿತು, ಯಾವಾಗ ಗದ್ದೆಗೊರವ, ಕುಂಡೆಕುಸ್ಕಗಳು ಹೊರಟುಹೋದವು, ಎಷ್ಟು ವಾಹನಗಳು ತುಂಬುಗೆರೆ ದಾಟಿದವು ಎಂದು ತಾರೀಖು ಹಾಕಿ ಬರೆದಿಟ್ಟರೆ ಐದು ವರ್ಷದಲ್ಲಿ ಅದು ಯಾವ ಅಧಿಕಾರಿಯೂ ತಳ್ಳಿಹಾಕಲಾಗದ ಸಾಕ್ಷ್ಯವಾಗುತ್ತದೆ. ಬೈನಾಕ್ಯುಲರ್ ಇಲ್ಲದ ಶಾಲೆಯೂ ಈ ಕೆಲಸ ಮಾಡಬಹುದು.

ಬರುವ ಬೇಸಿಗೆಗೆ ಮುನ್ನ, ನೀರು ಇನ್ನೂ ಕಾಡಿನ ಬುಡದಲ್ಲಿ ನಿಂತಿರುವಾಗಲೇ, ದಡದ ಹಳ್ಳಿಗಳು ಸಭೆ ಸೇರಿ ತಮ್ಮ ಗೆರೆಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಇಳಿಜಾರಿನ ದಾರಿಯ ಬಾಯಲ್ಲಿ ಎರಡು ಸಾಲಿನ ಫಲಕ, ಅದರ ಪಕ್ಕದಲ್ಲಿ ನಾಲ್ಕು ಮಾತು ಹೇಳಬಲ್ಲ ಊರಿನ ಒಬ್ಬ ಯುವಕ ಅಥವಾ ಯುವತಿ ಇದ್ದರೆ ಆರಂಭಕ್ಕೆ ಸಾಕು. ಫೆಬ್ರವರಿಯಲ್ಲಿ ನೀರು ಇಳಿಯುತ್ತದೆ, ಹಕ್ಕಿಗಳು ಬರುತ್ತವೆ. ಅವು ಬರುವ ಮೊದಲು ಆ ನೆಲವನ್ನು ಅವುಗಳಿಗಾಗಿ ಬಿಟ್ಟುಕೊಡುವ ತೀರ್ಮಾನ ಆಗಿರಬೇಕು.